ಹತ್ತು ನಿಮಿಷ ಕರೆಂಟ್ ಆಫ್ ಮಾಡಿದ್ರೆ ಏನು ಗಂಟು ಹೋಗುತ್ತೆ?

ಮೊನ್ನೆ ಆಫೀಸಲ್ಲಿ ನನ್ನ ಪಕ್ಕದ ಸಾಕೆಟ್ ಸುಟ್ಟುಹೋಯ್ತು. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಲೈನ್ ಆಫ್ ಮಾಡದೆಯೇ ವೈರ್ ಬಿಚ್ಚೋಕೆ ಹೊರಟರು. ಕೇಳಿದ್ರೆ, "ಆಫ್ ಮಾಡಿದ್ರೆ ನಿಮ್ಮೋರೇ ಬೈತಾರೆ ಸಾರ್. ಎಂಸಿಬಿ ಇದೆಯಲ್ಲ, ಏನಾಗಲ್ಲ" ಅಂದ್ರು.

ಆಗುತ್ತೆ ಸ್ವಾಮಿ! 16 ಆಂಪಿಯರ್ ಎಂಸಿಬಿ ಕಾಯೋದು ವೈರನ್ನ, ಮನುಷ್ಯನನ್ನಲ್ಲ. ಮೈಯಲ್ಲಿ 0.1 ಆಂಪಿಯರ್ ಹರಿದರೂ ಜೀವ ಹೋಗಬಹುದು, ಎಂಸಿಬಿಗೆ ಗೊತ್ತೇ ಆಗಲ್ಲ. ಅದಕ್ಕೇ 30 ಮಿಲಿಆಂಪಿಯರ್ ಸೋರಿಕೆಗೆ ಟ್ರಿಪ್ ಆಗೋ ಆರ್‌ಸಿಸಿಬಿ ಇರೋದು. ಆದರೆ ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಮುಟ್ಟಿದ್ರೆ ಅದೂ ಕಾಯದೇ ಇರಬಹುದು. ಆಫ್ ಮಾಡಿ, ಟೆಸ್ಟ್ ಮಾಡಿಯೇ ಕೈ ಹಾಕಬೇಕು.

ಬೈಯೋ ಆ 'ನಿಮ್ಮೋರು' ಅಂದ್ರೆ ನಾವೇ ತಾನೆ? ನಮ್ಮ ಲ್ಯಾಪ್‌ಟಾಪಿಗೆ ಬ್ಯಾಟರಿ ಬ್ಯಾಕಪ್ ಇದೆ, ಅವರ ಜೀವಕ್ಕಿಲ್ಲ. ನಾನೇ ಹೋಗಿ ಆಫ್ ಮಾಡಿಸಿದೆ. ನೀವೇನಂತೀರಿ?