ತಿಗಣೆಗೇನು ಜ್ವರ ಬಂದಿತ್ತೆ?



ನಾನು ಹಾಸ್ಟೆಲಿನಲ್ಲಿದ್ದಾಗ ಒಂದು ದಿನ ಮಂಚಗಳಿಗೆಲ್ಲ 'ಔಷಧಿ' ಹೊಡೆಸಿದರು. ತಿಗಣೆಗೇನು ಜ್ವರ ಬಂದಿತ್ತೆ? ಯಾರೂ ಕೇಳಲಿಲ್ಲ. ಹುಣ್ಣಿಮೆ ಮೇಲೆ ಪದ್ಯ ಬರೀತಾ ಕೂತಿದ್ದ ನಾನೂ ಕೇಳಲಿಲ್ಲ.

ಊರಲ್ಲೂ ಇದೇ ಮಾತು. ಭತ್ತಕ್ಕೆ ಔಷಧಿ, ಹತ್ತಿಗೆ ಔಷಧಿ, ಟೊಮೆಟೊಗೆ ಔಷಧಿ. ಸಾಲಕ್ಕೋ ಜಗಳಕ್ಕೋ ಯಾರಾದರೂ ಅದನ್ನೇ ಕುಡಿದು ಸತ್ತರೆ ಮಾತ್ರ ಪೊಲೀಸರ ಪಂಚನಾಮೆಯಲ್ಲಿ ಅದು 'ವಿಷ'. ಹಾಗಾದರೆ ಬೆಳಿಗ್ಗೆ ಹೊಲದಲ್ಲಿ ಅದರ ಹೆಸರು ಬೇರೆ ಯಾಕೆ? ಹೊಡೆಯೋನು ಕೂಲಿಯವನು, ಹೊಡೆಸೋನು ದೂರದ ಬದುವಿನ ಮೇಲೆ ನಿಂತಿರೋನು, ಅದಕ್ಕೆ.

ಹೊಡೆಯೋನ ಮೈಮೇಲೆ ಏನಿದೆ? ಒಂದು ಚಡ್ಡಿ, ಹರಿದ ಬನೀನು, ಮೂಗಿಗೊಂದು ಟವೆಲ್ಲು. ಟ್ಯಾಂಕಿ ಸೋರಿ ಬೆನ್ನೆಲ್ಲ ಒದ್ದೆ. ತುದಿಯಲ್ಲಿ ಕಸ ಕಟ್ಟಿದರೆ ಬಾಯಿಂದಲೇ ಊದ್ತಾನೆ. ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ವಿಷ ಚರ್ಮದ ಮೂಲಕವೇ ಒಳಗಿಳಿಯುತ್ತೆ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹುಳ ಕೊಲ್ಲೋ ರಸಾಯನ ಹುಡುಕ್ತಾ ಹುಡುಕ್ತಾ ಕಂಡದ್ದು ಟಬುನ್ ಎಂಬ ಯುದ್ಧದ ವಿಷ. ಎರಡೂ ಒಂದೇ ಕುಲ. ಹುಳದ ನರ, ಮನುಷ್ಯನ ನರ ಅಂತ ಭೇದ ಮಾಡೋದಿಲ್ಲ. (ಈ ದೇಶದಲ್ಲಿ ಭೇದ ಮಾಡದಿರೋದು ಇದೊಂದೇ ಇರಬೇಕು!)

ವಿಷ ಏರಿದರೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಕಾಲು ತಡವರಿಕೆ. ಧಣಿ ಏನಂತಾನೆ? 'ಬೆಳಿಗ್ಗೇನೇ ಕುಡಿದು ಬಂದವ್ನೆ.' ಆಸ್ಪತ್ರೆಯಲ್ಲಿ ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಉಂಟು. ಆದರೆ ಕುಡುಕನನ್ನ ಆಸ್ಪತ್ರೆಗೆ ಯಾರು ಹೊರ್ತಾರೆ? ಮರದಡಿ ಮಲಗಿಸ್ತಾರೆ. ನಮ್ಮವರ ಸಾವಿಗೆ ಕೆಟ್ಟ ಹೆಸರೂ ಬಿಟ್ಟಿಯಾಗಿ ಸಿಗುತ್ತೆ.

ಸಾಗರ ತಾಲ್ಲೂಕಿನ ಹಂದಿಗೋಡನ್ನು ನೆನೆಯಿರಿ. 1975ರ ಸುಮಾರಿಗೆ ಅಲ್ಲಿ ಜನ ಸೊಂಟ, ಮೊಣಕಾಲು ಹಿಡಿದು ನಡೆಯಲಾರದೆ ತೆವಳಿದರು. ಹೆಚ್ಚಿನವರು ಚಲವಾದಿಗಳು, ಚನ್ನಂಗಿಗಳು. ಎಂಡ್ರಿನ್, ಪ್ಯಾರಾಥಿಯಾನ್ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೇ ಹೀಗಾಯಿತು ಎಂಬ ಅನುಮಾನ ಮೊದಲು ಬಂತು. ಆಮೇಲೆ ವಿಜ್ಞಾನಿಗಳು ಇದು ವಂಶವಾಹಿ ಕಾಯಿಲೆ ಅಂದರು. ಇರಲಿ, ನಾನು ಡಾಕ್ಟರಲ್ಲ, ಅವರ ಮಾತನ್ನು ಒಪ್ಪುತ್ತೇನೆ. ಆದರೆ ಯಾರದೋ ಗದ್ದೆಯಲ್ಲಿ ನಾಟಿ ಮಾಡಿ, ಆ ವಿಷದ ನೀರಿನ ಏಡಿಯನ್ನೇ ಸಾರು ಮಾಡಿ ಉಣ್ಣಬೇಕಾದ ಬದುಕು ಯಾವ ವಂಶವಾಹಿಯಿಂದ ಬಂತು? ಅದಕ್ಕೆ ಯಾವ ಸಮಿತಿ ವರದಿ ಕೊಟ್ಟಿದೆ?

ಕಾನೂನು ಇಲ್ಲ ಅನ್ನಬೇಡಿ. 1968ರ ಕೀಟನಾಶಕ ಕಾಯ್ದೆ ಇದೆ. ವಿಷ ಮುಟ್ಟೋ ಕೆಲಸಗಾರನಿಗೆ ರಕ್ಷಣೆಯ ಬಟ್ಟೆ, ಉಸಿರಾಟದ ಸಾಧನ ಕೊಡಬೇಕು ಅಂತ 1971ರ ನಿಯಮಗಳಲ್ಲಿ ಬರೆದಿದೆ. ಅದು ಪುಸ್ತಕದಲ್ಲಿ ಬೆಚ್ಚಗಿದೆ.

ರಜಕ್ಕೆ ಊರಿಗೆ ಹೋಗ್ತೀರಲ್ಲ, ನಿಮ್ಮಪ್ಪ, ದೊಡ್ಡಪ್ಪ ಹೊಡೆಯೋ ಡಬ್ಬ ಕೈಗೆ ತಗೊಂಡು ಹಟ್ಟಿಯಲ್ಲಿ ಗಟ್ಟಿಯಾಗಿ ಓದಿ. ಅದರ ಮೇಲೆ ವಜ್ರದಾಕಾರದ ಗುರುತಿರುತ್ತೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಕಂಡು 'ಬೆಳೆಗೆ ಒಳ್ಳೇದು' ಅನ್ನೋರು ಇದ್ದಾರೆ, ಅವರಿಗೂ ಬಿಡಿಸಿ ಹೇಳಿ. ಔಷಧಿ ಅನ್ನೋ ಪದ ಬಾಯಿಗೆ ಬಂದ ಕಡೆಯೆಲ್ಲ ವಿಷ ಅನ್ನಿ. ಆಮೇಲೆ ನಾಲ್ಕು ಜನ ಸೇರಿ ಗೌಡರ ಬಾಗಿಲಿಗೆ ಹೋಗಿ, ಕೈಗವಸು, ಮುಖವಾಡ, ಬೂಟು ಕೇಳಿ. ಕೊಡೋದಿಲ್ಲ ಅಂದರೆ ಟ್ಯಾಂಕಿಯನ್ನ ಅವರ ಜಗಲಿ ಮೇಲೆ ಇಳಿಸಿ ಬನ್ನಿ. ಔಷಧಿ ತಾನೆ, ಅವರೇ ಹೊತ್ಕೊಂಡು ಹೊಡೀಲಿ.