ಪಹಣಿ ಇಲ್ಲದವರಿಗೂ ಕೊಬ್ಬರಿಯಲ್ಲಿ ಪಾಲು ಬೇಕು

ಹಾಸನ ಜಿಲ್ಲೆಯ ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಲಿನ ಸೀಮೆಯಲ್ಲಿ ರಾಜಕಾರಣವೆಲ್ಲ ಕೊನೆಗೆ ಕೊಬ್ಬರಿಗೇ ಬಂದು ನಿಲ್ಲುತ್ತದೆ. 2023–24ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಲಿಗೆ 8,000 ರೂಪಾಯಿ ಆಸುಪಾಸಿಗೆ ಕುಸಿದಾಗ ಅರಸೀಕೆರೆ, ತಿಪಟೂರುಗಳಲ್ಲಿ ರೈತರು ಬೀದಿಗಿಳಿದರು. ಕೇಂದ್ರ ಸರ್ಕಾರ 2024ರ ಹಂಗಾಮಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ಸಂಸ್ಥೆ ನಾಫೆಡ್‌ನ ಖರೀದಿಯ ನೋಂದಣಿಯಲ್ಲಿ ಅಕ್ರಮದ ಆರೋಪ ಕೇಳಿಬಂದು, ಪಟ್ಟಿ ರದ್ದಾಗಿ, ಮತ್ತೊಮ್ಮೆ ನೋಂದಣಿ ನಡೆಯಿತು. ರೈತರ ಬೇಡಿಕೆ ನ್ಯಾಯವಾದದ್ದೇ. ಆದರೆ ಅಷ್ಟು ದೊಡ್ಡ ಗದ್ದಲದಲ್ಲಿ ಕೊಬ್ಬರಿ ಮಾಡುವ ಕೂಲಿಕಾರರ ಸುದ್ದಿ ಮೂಲೆಗೆ ಬಿತ್ತು.

ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಆಮೇಲೆ ಮಟ್ಟೆ ಸುಲಿಯಬೇಕು, ಉಂಡೆಗೆ ಏಟು ಬೀಳದಂತೆ ಚಿಪ್ಪು ಒಡೆದು ಬಿಡಿಸಬೇಕು. ಈ ನಾಜೂಕಿನ ಕೆಲಸ ಮಾಡುವವರಲ್ಲಿ ಭೂಮಿಯಿಲ್ಲದವರು ಬಹಳ, ಹೆಂಗಸರು ಬಹಳ. ಬೆಂಬಲ ಬೆಲೆಯ ನೋಂದಣಿಗೆ ರೈತರ ನೋಂದಣಿ ತಂತ್ರಾಂಶವಾದ ‘ಫ್ರೂಟ್ಸ್’ನ ಗುರುತಿನ ಸಂಖ್ಯೆ ಬೇಕು, ಅದಕ್ಕೆ ಪಹಣಿ ಬೇಕು. ಹಾಗಾಗಿ ಬೆಂಬಲ ಬೆಲೆಯ ಒಂದು ರೂಪಾಯಿಯೂ ಇವರ ಕೈಗೆ ನೇರವಾಗಿ ಬರುವುದಿಲ್ಲ.

ರೈತನಿಗೆ ಬೆಲೆ ಸಿಕ್ಕರೆ ಕೂಲಿಗೂ ಒಳ್ಳೆಯದಾಗುತ್ತದೆ ಎಂಬ ವಾದವಿದೆ. 2025ರಲ್ಲಿ ಧಾರಣೆ 20,000 ರೂಪಾಯಿ ದಾಟಿತು. ಇಳುವರಿ ಕುಸಿದದ್ದು ಅದಕ್ಕೊಂದು ಮುಖ್ಯ ಕಾರಣ. ಕಾಯಿ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಕಾಯಿಯೇ ಕಡಿಮೆಯಾದರೆ ಏರಿದ ಧಾರಣೆಯಿಂದ ಏನು ಸಿಕ್ಕೀತು? ಬೆಲೆ ಬಿದ್ದಾಗ ರೈತನ ನಷ್ಟ ಇವರ ಕೂಲಿಯನ್ನು ಎಳೆಯುತ್ತದೆ, ಬೆಲೆ ಎದ್ದಾಗ ಲಾಭ ಇವರ ತನಕ ಇಳಿಯುವುದಿಲ್ಲ.

ಬಡವರಿಗೆ ಸಾಲ ಕೊಟ್ಟರೆ ಸಾಕು, ತಾವೇ ಉದ್ಯೋಗ ಕಟ್ಟಿಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ. ಆ ದಾರಿ ಎಲ್ಲಿಗೆ ಮುಟ್ಟಿತೆಂದು ನೋಡಿದ್ದೇವೆ: ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದಾಯದ ಮೂಲವಿಲ್ಲದೆ ಕೊಟ್ಟ ಸಾಲ ಬಡವರ ಕೊರಳಿಗೇ ಬೀಳುತ್ತದೆ.

ಆದಾಯದ ಮೂಲವಂತೂ ಇಲ್ಲೇ ಇದೆ. ಸುಲಿದ ಮಟ್ಟೆಯಿಂದ ನಾರು, ಹಗ್ಗ, ಚಾಪೆ ಆಗುತ್ತವೆ. ಉಳಿದ ಪುಡಿ ಕೊಕೊಪೀಟ್ ಆಗಿ ನರ್ಸರಿಗಳಿಗೆ, ಹೊರದೇಶಗಳಿಗೆ ಹೋಗುತ್ತದೆ. ಚಿಪ್ಪು ಸುಟ್ಟ ಇದ್ದಿಲು ನೀರು ಶುದ್ಧ ಮಾಡಲು ಬಳಸುವ ಸಕ್ರಿಯ ಇಂಗಾಲದ ಕಾರ್ಖಾನೆಗಳ ಕಚ್ಚಾವಸ್ತು. ಸುಲಿಯುವ ಕೈಗಳೇ ಇವುಗಳ ಒಡೆಯರಾದರೆ ಕೂಲಿಯ ಜೊತೆಗೆ ಲಾಭದ ಪಾಲೂ ಮನೆಗೆ ಬರುತ್ತದೆ.

ಹಾಸನ ಜಿಲ್ಲೆಗೆ ಇದರ ಪಾಠ ಹೊಸದಲ್ಲ. ಊರೂರಿನ ಹಾಲಿನ ಡೇರಿಯಲ್ಲಿ ಪಹಣಿ ಕೇಳುವುದಿಲ್ಲ, ಹಾಲು ಅಳೆಯುತ್ತಾರೆ. ಒಂದೇ ಹಸು ಕಟ್ಟಿದವಳೂ ಸಂಘದ ಸದಸ್ಯೆ. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಅವಳ ಖಾತೆಗೂ ಬರುತ್ತದೆ. ಹಾಲಿಗೆ ಒಪ್ಪಿದ ನ್ಯಾಯ ಕೊಬ್ಬರಿಗೆ ಏಕೆ ಒಪ್ಪಬಾರದು?

ಸಂಘ ಕಟ್ಟಿ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಗರ ತಾಲ್ಲೂಕಿನ ಚರಕ ಸಾಕ್ಷಿ. ಹಳ್ಳಿಯ ಹೆಂಗಸರು ಕೈಮಗ್ಗ ಮತ್ತು ನೈಸರ್ಗಿಕ ಬಣ್ಣದಿಂದ ಹೆಸರು ಮಾಡಿದ ಆ ಸಹಕಾರ ಸಂಘವೇ 2020ರಲ್ಲಿ ದುಡಿಯುವ ಬಂಡವಾಳವಿಲ್ಲದೆ ದಿವಾಳಿಯ ಅಂಚಿಗೆ ಬಂತು. ಯಂತ್ರ ಕೊಟ್ಟು, ಉದ್ಘಾಟನೆ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವುದರಿಂದ ಸಮುದಾಯದ ಉದ್ದಿಮೆ ನಿಲ್ಲುವುದಿಲ್ಲ. ಮಟ್ಟೆ ಕೊಳ್ಳಲು ಹಂಗಾಮಿನ ಆರಂಭದಲ್ಲೇ ಹಣ ಬೇಕು, ಮಾಡಿದ ಮಾಲಿಗೆ ಖಚಿತ ಗಿರಾಕಿ ಬೇಕು.

ಆದ್ದರಿಂದ ಬೇಡಿಕೆಯೂ ಸ್ಪಷ್ಟವಾಗಿರಲಿ. ಅರಸೀಕೆರೆ ತಾಲ್ಲೂಕಿನಲ್ಲಿ ಕೊಬ್ಬರಿ ಕೂಲಿಕಾರರ ಸಹಕಾರ ಸಂಘಗಳು ಆಗಲಿ, ದುಡಿಮೆಯೇ ಸದಸ್ಯತ್ವದ ಅರ್ಹತೆಯಾಗಲಿ. ಪಂಚಾಯಿತಿಗಳು ಜಾಗವನ್ನು ದೀರ್ಘಾವಧಿ ಗುತ್ತಿಗೆಗೆ ಕೊಡಲಿ. ತೋಟಗಾರಿಕೆ ಇಲಾಖೆ ತನ್ನ ನರ್ಸರಿಗಳ ಕೊಕೊಪೀಟನ್ನು, ಸರ್ಕಾರಿ ಕಚೇರಿಗಳು ತಮ್ಮ ನಾರಿನ ಚಾಪೆಯನ್ನು ಈ ಸಂಘಗಳಿಂದಲೇ ಕೊಳ್ಳಲಿ, ಹಣವನ್ನು ತಿಂಗಳೊಳಗೆ ಪಾವತಿಸಲಿ. ಕೊಬ್ಬರಿಗಾಗಿ ವಿಧಾನಸೌಧದಲ್ಲಿ ದನಿ ಎತ್ತುವ ಶಾಸಕರು, ಎಲ್ಲ ಪಕ್ಷದವರೂ, ಮುಂದಿನ ಬಜೆಟ್ಟಿಗೆ ಮೊದಲು ಈ ಬೇಡಿಕೆಯನ್ನು ಬೆಂಬಲ ಬೆಲೆಯ ಪಕ್ಕದಲ್ಲೇ ಇಡಬೇಕು. ಹಾಗೆ ಮಾಡದವರು ತೋಟ ಇದ್ದವರ ಪ್ರತಿನಿಧಿಗಳು ಮಾತ್ರ. ಸುಲಿಯುವವರ ಓಟು ಕೇಳುವ ನೈತಿಕ ಹಕ್ಕು ಅವರಿಗಿಲ್ಲ.