ಯಾರಿಗೆ ತಾಳ್ಮೆಯಿಲ್ಲ?

‘ಅದರಲ್ಲಿ ಏನೂ ನಡೆಯುವುದೇ ಇಲ್ಲ, ಇಂಥ ಚಿತ್ರ ನಮ್ಮ ಗದುಗಿನಲ್ಲಿ ಒಂದು ದಿನವೂ ಓಡದು’ ಎಂದು ಗೆಳೆಯರೊಬ್ಬರು ತೀರ್ಪಿತ್ತರು. ಅವರ ಸಿಟ್ಟು ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಮೇಲೆ. 2024ರಲ್ಲಿ ಕಾನ್ ಉತ್ಸವದ ಗ್ರಾಂಡ್ ಪ್ರಿ ಪಡೆದ ಚಿತ್ರವದು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ದುಡಿಯುವ ಮೂವರು ಹೆಂಗಸರು. ಮಳೆ, ರೈಲು, ಗದ್ದಲ. ಅದರ ನಡುವೆಯೇ ಒಬ್ಬರಿಗೊಬ್ಬರ ಆಸರೆ. ಕೊನೆಗೆ ರತ್ನಾಗಿರಿಯ ಕಡಲದಂಡೆಯಲ್ಲಿ ದಕ್ಕುವ ನೆಮ್ಮದಿ. ಇದು ‘ಏನೂ ಅಲ್ಲ’ವೆ?

ಗೆಳೆಯರ ಮಾತನ್ನು ನಾನು ಒಪ್ಪಲಾರೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರಿದು. ವಿಲಂಬಿತ ಏಕತಾಲದ 12 ಮಾತ್ರೆಗಳು ಮುಗಿದು ಸಮಕ್ಕೆ ಬರಲು ಒಂದು ನಿಮಿಷವೇ ಹಿಡಿಯಬಹುದು. ಅಷ್ಟು ಹೊತ್ತು ಕಾದು, ಸಮ ಬಿದ್ದಾಗ ತಲೆದೂಗುವ ಜನಕ್ಕೆ ತಾಳ್ಮೆಯ ಪಾಠ ಬೇಕೆ?

ಅಲ್ಲದೆ, ಮುಂಡರಗಿ, ಶಿರಹಟ್ಟಿಗಳಿಂದ ದುಡಿಮೆಗೆಂದು ಗೋವೆಗೆ, ಮಂಗಳೂರಿಗೆ ಹೋದವರ ಕತೆಯೂ ಇದೇ ಅಲ್ಲವೆ? ಅವರಿಗೆ ತೋರಿಸುವ ಮೊದಲೇ ‘ಅವರಿಗೆ ಬೇಡ’ ಎನ್ನುವುದು ಯಾವ ನ್ಯಾಯ? ಮೊದಲು ತೆರೆಗೆ ತನ್ನಿ. ಬೇಡವೆನ್ನುವ ಹಕ್ಕು ನೋಡಿದವರದು.